ಸಂದು ಬಿಟ್ಟ ಪೆಟ್ಟಿಗೆ

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟು ಕಾಲದಿಂದ ಬೀದಿಯವರ ಬಾಯಲ್ಲಿ ಆ ಬಡಗಿ ಬಿಗಿಯಣ್ಣನಾಗಿದ್ದ. ಅವನು ಕೂರಿಸಿದ ಬಾಗಿಲಿನ ಸಂದಿನಲ್ಲಿ ಕಾಗದದ ಚೂರೂ ತೂರುತ್ತಿರಲಿಲ್ಲ. ಅವನು ಮಾಡಿದ ಮೇಜಿನಲ್ಲಿ ಒಂದು ಖಾನೆಯನ್ನು ಒಳಕ್ಕೆ ದೂಡಿದರೆ, ಒಳಗಿನ ಗಾಳಿ ಬೇರೆ ದಾರಿ ಕಾಣದೆ ಪಕ್ಕದ ಖಾನೆಯನ್ನು ಮುಂದಕ್ಕೆ ತಳ್ಳುತ್ತಿತ್ತು. ಗಿರಾಕಿಗಳಿಗೆ ಅದನ್ನು ತೋರಿಸಿ, ಏನೂ ಮಾತಾಡದೆ ಸುಮ್ಮನೆ ನಿಲ್ಲುತ್ತಿದ್ದ. ಆ ಮೌನದಲ್ಲಿದ್ದ ಜಂಬವನ್ನು ಇಡೀ ಬೀದಿಗೆ ಹಂಚಿದರೂ ಮಿಗುತ್ತಿತ್ತು.

ಇಂಥವನಿಗೆ ಲೋಕದಲ್ಲಿ ಆಗದ ವಿಷಯ ಒಂದೇ. ಕೊಳೆಯುವುದು. ನೀರು ಕುಡಿದು ಉಬ್ಬಿದ ಚೌಕಟ್ಟು, ಬೂಷ್ಟು ಹಿಡಿದ ಹಲಗೆ, ಗೆದ್ದಲು ತಿಂದು ಪುಡಿಯಾದ ಮಂಚದ ಕಾಲು, ಇವನ್ನು ಯಾರಾದರೂ ರಿಪೇರಿಗೆ ತಂದರೆ ಸತ್ತ ಇಲಿಯನ್ನು ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿಯುತ್ತಿದ್ದ. ಮರವನ್ನು ಮಣ್ಣಾಗದಂತೆ ಕಾಯುವುದೇ ಬಡಗಿತನ ಎಂದು ಕಂಡಕಂಡವರಿಗೆಲ್ಲ ಹೇಳಿ ಗಂಟಲು ಹರಿದುಕೊಂಡಿದ್ದ. ಆ ಮನುಷ್ಯ ಗೊಬ್ಬರ ಮಾಡಲು ಹೊರಟ ಕಥೆ ಇದು.

ಮನೆಯ ಮುಂಭಾಗದಲ್ಲಿ ಅವನ ಕೆಲಸದ ಶೆಡ್ಡು. ಅದರ ಹಿಂದೆ ಅಡುಗೆಮನೆ ಮತ್ತು ಮಲಗುವ ಕೋಣೆ. ಮಹಡಿಯಲ್ಲಿ ತಮ್ಮನ ವಾಸ. ತಮ್ಮ ಸಾಮಾನು ಸಾಗಿಸುವ ವ್ಯಾನಿನ ಡ್ರೈವರ್, ಇನ್ನೂ ಮದುವೆಯಾಗಿರಲಿಲ್ಲ, ಊಟಕ್ಕೆ ಕೆಳಗೇ ಬರುತ್ತಿದ್ದ, ತನ್ನ ಮುಖಕ್ಕಿಂತ ಹೆಚ್ಚಾಗಿ ವ್ಯಾನಿನ ಮುಖವನ್ನು ಒರೆಸುತ್ತಿದ್ದ. ಬಡಗಿಯ ಹೆಂಡತಿ ಬೀದಿಯ ತಿರುವಿನಲ್ಲಿ ತರಕಾರಿ ಅಂಗಡಿ ಇಟ್ಟಿದ್ದಳು. ಇನ್ನು ಮನೆಯ ಬೆನ್ನಿಗಿದ್ದದ್ದು ಅಣ್ಣತಮ್ಮಂದಿರಿಬ್ಬರಿಗೂ ಸೇರಿದ ಹಿತ್ತಲು. ಹಿಂದಿನ ಬೀದಿಯಿಂದ ಒಳಗೆ ಬಂದು ವ್ಯಾನು ನಿಲ್ಲುತ್ತಿದ್ದದ್ದೂ ಅಲ್ಲೇ.

ಹಿತ್ತಲು ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಹಿಂದೆ ಮನೆ ಕಟ್ಟಿದ ಪುಣ್ಯಾತ್ಮರು ಒಡೆದ ಇಟ್ಟಿಗೆ, ಗಾರೆಯ ಹೆಂಟೆ, ತುಕ್ಕು ಹಿಡಿದ ಬಣ್ಣದ ಡಬ್ಬ ಎಲ್ಲವನ್ನೂ ಅಲ್ಲೇ ಸುರಿದು, ಮೇಲೊಂದು ಪದರ ಮಣ್ಣು ಎಳೆದು, ಕೈ ತೊಳೆದುಕೊಂಡು ಹೋಗಿದ್ದರು. ನೆಲವೆಂದರೆ ಕಸ ಮುಚ್ಚುವ ಚಾಪೆ ಎಂದು ತಿಳಿದವರಿಗೆ ಈ ಭೂಮಿಯ ಮೇಲೆ ಯಾವ ಕಾಲಕ್ಕೂ ಬರವಿಲ್ಲ. ಬಿಸಿಲಿಗೆ ಆ ನೆಲ ಕಲ್ಲಾಗುತ್ತಿತ್ತು. ಮಳೆ ಬಂದರೆ ಒಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳದೆ ಕೆಸರಿನ ಹೊಂಡವಾಗುತ್ತಿತ್ತು. ಹೆಂಡತಿ ಅಲ್ಲಿ ಹಾಕಿದ ಬೀಜಗಳು ನೂಲಿನಂತೆ ಎದ್ದು, ಹಳದಿಯಾಗಿ, ನಾಚಿಕೊಂಡಂತೆ ಸಾಯುತ್ತಿದ್ದವು. ತಮ್ಮನ ಗಾಡಿಯ ಗಾಲಿ ಹೂತು, ಅವನು ಬೆಳಗಿನ ಬಾಡಿಗೆಗೆ ಹೊರಡುವಷ್ಟರಲ್ಲಿ ಮೈಯೆಲ್ಲ ಕೆಸರಾಗುತ್ತಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ತಮ್ಮ ಮಾತು ತೆಗೆದ.

"ಅಣ್ಣ, ಹಿತ್ತಲಿಗೆ ಸಿಮೆಂಟ್ ಹಾಕಿಸಿಬಿಡೋಣ. ಗೋಡೆಯಿಂದ ಗೋಡೆಗೆ. ಗೋಳು ತಪ್ಪುತ್ತೆ."

"ಹಾಕ್ಸಪ್ಪ, ಹಾಕ್ಸು. ಆಮೇಲೆ ನಿನ್ನ ಗಾಡಿ ತಲೆ ಮೇಲೆ ನಾನು ಟೊಮೆಟೊ ಬೆಳೀತೀನಿ," ಎಂದಳು ಹೆಂಡತಿ.

"ಅಲ್ಲಿ ಈಗೇನು ಬೆಳೀತಿದೆ ಅತ್ತಿಗೆ? ಇಟ್ಟಿಗೆ ಬೆಳೀತಿದೆ."

"ದಿನಾ ಯಾರೋ ಬೆಳೆದಿದ್ದನ್ನ ತೂಗಿ ತೂಗಿ ನನ್ನ ಕೈ ಸವೆದುಹೋಯ್ತು. ನಾನು ಬೆಳೆದಿದ್ದು ಒಂದಾದ್ರೂ ಕಣ್ಣಲ್ಲಿ ನೋಡ್ಬೇಕು. ಅಷ್ಟೇ ನನ್ನ ಆಸೆ. ಚಿನ್ನ ಕೇಳಿಲ್ಲ, ಬಣ್ಣ ಕೇಳಿಲ್ಲ."

ಅವಳು ಹೇಳಿದ್ದು ನಿಜ. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಆ ತುಂಡು ನೆಲವೊಂದನ್ನೇ. ಒಂದು ಸಲ ಸಿಮೆಂಟ್ ಬಿದ್ದರೆ ಅದು ಮುಗಿದಂತೆಯೇ. ಬಡಗಿ ತಟ್ಟೆಯಿಂದ ತಲೆಯೆತ್ತಿದ.

"ಮಣ್ಣಿಗೆ ಗೊಬ್ಬರ ಬೇಕು ಅಷ್ಟೇ ತಾನೇ? ನಾನು ಮಾಡಿಕೊಡ್ತೀನಿ."

ತಮ್ಮ ನಕ್ಕು ಕೆಮ್ಮಿದ, ಕೆಮ್ಮಿ ನಕ್ಕ. "ನೀನಾ? ಕೊಳೆತ ಟೊಮೆಟೊ ಕಂಡ್ರೆ ಮೂರು ಮಾರು ಹಾರ್ತೀಯ. ಆಯ್ತು, ಮಳೆಗಾಲದವರೆಗೂ ನೋಡೋಣ. ಅಷ್ಟರಲ್ಲಿ ಮಣ್ಣು ಮಣ್ಣಾಗದೆ ಇದ್ರೆ ಮೇಸ್ತ್ರಿನ ಕರೆಸ್ತೀನಿ, ಇಬ್ಬರೂ ತುಟಿ ಪಿಟಕ್ ಅನ್ನಬಾರದು."

ಬಡಗಿ ಮರುದಿನವೇ ಕೆಲಸಕ್ಕೆ ಕೂತ. ಗೊಬ್ಬರದ ಪೆಟ್ಟಿಗೆ ಎಂದರೆ ಹೇಗಿರುತ್ತದೋ ಅವನಿಗೆ ಗೊತ್ತಿರಲಿಲ್ಲ, ಆದರೆ ಪೆಟ್ಟಿಗೆ ಎಂದರೆ ಹೇಗಿರಬೇಕು ಎಂಬುದರಲ್ಲಿ ಅವನಿಗೆ ಪಾಠ ಹೇಳುವ ಗಂಡು ಇನ್ನೂ ಹುಟ್ಟಿರಲಿಲ್ಲ. ಗಟ್ಟಿ ಹಲಗೆ ಆರಿಸಿ, ಎರಡು ಕೈಗಳ ಬೆರಳು ಹೆಣೆದಂತೆ ಮೂಲೆಗಳನ್ನು ಕಚ್ಚಿಸಿದ. ಒಳಗೆಲ್ಲ ವಾರ್ನಿಶ್ ಬಳಿದ. ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ ಕೂರಿಸಿದ. ನೀರು ತುಂಬಿ ನೋಡಿದ, ಒಂದು ತೊಟ್ಟೂ ಸೋರಲಿಲ್ಲ.

ಹೆಂಡತಿ ಅಂಗಡಿಯಿಂದ ಎಲೆಕೋಸಿನ ಹೊರಗಿನ ಎಲೆ, ಕ್ಯಾರೆಟ್ ಸೊಪ್ಪು, ಹಿಸುಕಿಹೋದ ಟೊಮೆಟೊ, ಸೌತೆಕಾಯಿಯ ಸಿಪ್ಪೆ ತಂದು ಸುರಿದಳು. ಶೆಡ್ಡಿನ ಮೂಲೆಯಲ್ಲಿ ಹತ್ತರಿ ಹೊಡೆದು ಹಲಗೆ ನುಣುಪು ಮಾಡುವಾಗ ಬಿದ್ದ ಮರದ ಸುರುಳಿಗಳು ರಾಶಿಯಾಗಿದ್ದವು. ಬೇಕರಿಯವನು ಬಂದು ಒಲೆಗೆ ಒಯ್ಯುತ್ತಿದ್ದ ಸುರುಳಿ ಅದು.

"ರೀ, ಅದನ್ನೂ ಒಂದಿಷ್ಟು ಹಾಕ್ಲಾ? ಇದು ಬರೀ ನೀರು ನೀರಾಗಿದೆ."

"ಏನಂದೆ? ಮರಾನ ಕೊಳೆಸೋಕೆ ನಾನು ಬಡಗಿ ಆಗಿದ್ದಾ?"

"ಅಯ್ಯೋ, ಹೋಗ್ಲಿ ಬಿಡಿ. ಏನೋ ನಿಮ್ಮ ಮಗಳನ್ನ ಕೇಳ್ದಂಗೆ ಆಡ್ತೀರಲ್ಲ."

ಮುಚ್ಚಳ ಬಿತ್ತು. ಬಿದ್ದ ಸದ್ದು ಕೇಳಿಯೇ ಬಡಗಿಗೆ ಹೊಟ್ಟೆ ತುಂಬಿತು.

ಕೆಲವು ವಾರ ಕಳೆದವು. ಮೊದಮೊದಲು ಅವಳು ಮುಚ್ಚಳ ಎತ್ತಿ ಸಿಪ್ಪೆ ಹಾಕುವಾಗ ಮುಖ ತಿರುಗಿಸುತ್ತಿದ್ದಳು. ಆಮೇಲೆ ಉಸಿರು ಹಿಡಿದು ಹಾಕತೊಡಗಿದಳು. ಕೊನೆಗೊಂದು ಮಧ್ಯಾಹ್ನ ತಮ್ಮ ಮೂಗಿಗೆ ಟವಲು ಸುತ್ತಿಕೊಂಡು ಮಹಡಿ ಇಳಿದು ಬಂದ.

"ಅಣ್ಣ, ಅದರೊಳಗೆ ಯಾರನ್ನ ಹೂತಿಟ್ಟಿದೀಯ?"

"ಮುಚ್ಚಳ ಭದ್ರವಾಗಿದೆಯಲ್ಲೋ. ವಾಸನೆ ಹೇಗೆ ಬರುತ್ತೆ?"

"ಮುಚ್ಚಳ ಭದ್ರವಾಗಿರೋದಕ್ಕೇ ನಾವಿನ್ನೂ ಜೀವ ಇಟ್ಕೊಂಡಿದೀವಿ. ಅತ್ತಿಗೆ ಅದನ್ನ ಎತ್ತಿದಾಗಲೆಲ್ಲ ನನ್ನ ಊಟ ಬಾಯಿಗೆ ಬರುತ್ತೆ."

ಬಡಗಿ ರೋಷದಿಂದ ಹೋಗಿ ಮುಚ್ಚಳ ಕಿತ್ತ. ಪೆಟ್ಟಿಗೆ ಒಂದು ಸಲ ನಿಟ್ಟುಸಿರು ಬಿಟ್ಟಿತು. ಆ ಉಸಿರು ತಾಗಿದ್ದೇ ಅವನು ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದುಕೊಂಡ. ಒಳಗೆ ಗೊಬ್ಬರವೂ ಇರಲಿಲ್ಲ, ತರಕಾರಿಯೂ ಇರಲಿಲ್ಲ. ಕಪ್ಪಗೆ, ಲೋಳೆಯಾಗಿ, ಚರಂಡಿಯ ತಳದಂಥದ್ದು ನಿಂತಿತ್ತು.

"ಮೇಸ್ತ್ರಿಗೆ ಹೇಳಿಬಿಡ್ತೀನಿ ಅಣ್ಣ," ಎಂದ ತಮ್ಮ. ಈ ಸಲ ನಗಲಿಲ್ಲ.

ಹೆಂಡತಿ ಜಗಳ ಆಡಿದ್ದರೆ ಬಡಗಿ ತಡೆದುಕೊಳ್ಳುತ್ತಿದ್ದ. ಅವಳು ಮುಚ್ಚಳವನ್ನು ಎತ್ತಿ ಮೆಲ್ಲಗೆ ಮುಚ್ಚಿ, ಕೈಯನ್ನು ಗೋಡೆಗೆ ಒರೆಸಿ, ಒಳಗೆ ಹೋದಳು. ಅಡುಗೆಮನೆಯಿಂದ ಪಾತ್ರೆಯ ಸದ್ದೂ ಬರಲಿಲ್ಲ. ಅದು ಅವನ ಎದೆಗೆ ಉಳಿ ಇಟ್ಟು ಹೊಡೆದಂತಾಯಿತು.

ಮರುದಿನ ಬೆಳಿಗ್ಗೆ ಅವನು ಯಾರೂ ಕರೆಯದೆ ಅವಳ ಅಂಗಡಿಗೆ ಹೋದ. ತಪ್ಪು ಮಾಡಿದ ಗಂಡಸು ಹೆಂಡತಿಯ ಹತ್ತಿರ ಮಾತು ಶುರುಮಾಡಲು ಭಾರ ಎತ್ತುವ ಕೆಲಸ ಹುಡುಕುತ್ತಾನೆ. ಸರಕು ಆಗಷ್ಟೇ ಬಂದು ಇಳಿದಿತ್ತು. ಅವನು ಪೆಟ್ಟಿಗೆಗಳನ್ನು ಒಳಗಿಟ್ಟ, ಅವಳು ಬಿಚ್ಚಿದಳು. ಪಟ್ಟಿ ಪಟ್ಟಿ ಹಲಗೆಯನ್ನು ದೂರ ದೂರ ಬಡಿದು ಮಾಡಿದ ಪೆಟ್ಟಿಗೆಗಳವು. ಅಂಥ ಕೆಲಸ ಕಂಡರೆ ಅವನು ಉಗಿಯುತ್ತಿದ್ದ. ಮೂಲೆ ಸರಿಯಿಲ್ಲ, ಮೊಳೆ ಹೊರಗೆ ಇಣುಕುತ್ತದೆ, ಮಾಡಿದವನ ಕೈಗೆ ನಾಚಿಕೆಯಿಲ್ಲ. ಅವುಗಳೊಳಗಿನ ಎಲೆಕೋಸು ಆಗತಾನೆ ಕಿತ್ತಂತಿತ್ತು. ಪಕ್ಕದಲ್ಲಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಸೊಪ್ಪು ಬಂದಿತ್ತು. ಅವಳು ಗಂಟು ಬಿಚ್ಚಿದ ಕೂಡಲೇ ನಿನ್ನೆಯ ಅದೇ ನಾತ ಅವನ ಮೂಗಿಗೆ ಬಡಿಯಿತು.

"ನೋಡಿ, ಮತ್ತೆ ಚೀಲಕ್ಕೆ ತುಂಬಿ ಕಳಿಸಿದಾರೆ," ಎಂದು ಅವಳು ಲೋಳೆಯಾದ ಸೊಪ್ಪನ್ನು ಬುಟ್ಟಿಗೆ ಎಸೆದಳು. "ಎಷ್ಟು ಸಲ ಹೇಳಿದ್ರೂ ಅಷ್ಟೇ. ಉಸಿರು ಕಟ್ಟಿದ್ರೆ ಇದರ ಗತಿ ಇಷ್ಟೇನೇ."

ಬಡಗಿ ಖಾಲಿ ಪೆಟ್ಟಿಗೆಯೊಂದನ್ನು ಎತ್ತಿ, ತಿರುಗಿಸಿ ತಿರುಗಿಸಿ ನೋಡಿದ. ಹಲಗೆಗಳ ನಡುವೆ ಬೀದಿ ಕಾಣುತ್ತಿತ್ತು.

"ಈ ಸಂದು ಬೇಕೂಂತ ಬಿಟ್ಟಿರೋದಾ?"

"ಮತ್ತೆ? ಹಲಗೆ ಕಮ್ಮಿ ಬಿತ್ತು ಅಂದ್ಕೊಂಡಿದ್ರಾ?"

"ಆದ್ರೂ ಕಣೇ, ಗೊಬ್ಬರ ಅಂದ್ರೆ ಕೊಳೀಲೇಬೇಕಲ್ವಾ? ತಾಜಾ ಇಟ್ಕೊಂಡು ಏನು ಮಾಡ್ತೀಯ?"

"ಕೊಳೆಯೋದ್ರಲ್ಲೂ ಎರಡು ಥರ ಇದೆ ರೀ. ಮರದ ಕೆಳಗೆ ಬಿದ್ದ ಎಲೆ ಕೊಳೆಯಲ್ವಾ? ಅದು ಯಾವತ್ತಾದ್ರೂ ನಾರುತ್ತಾ?" ಅವಳು ತಕ್ಕಡಿ ಒರೆಸುತ್ತಾ ಹೇಳಿದಳು. "ಗಾಳಿ ಆಡ್ತಾ ಕೊಳೆತ್ರೆ ಮಣ್ಣಾಗುತ್ತೆ. ಉಸಿರು ಕಟ್ಟಿ ಕೊಳೆತ್ರೆ ಹೆಣ ಆಗುತ್ತೆ. ನಿಮ್ಮ ಪೆಟ್ಟಿಗೆ ನೋಡಿದಾಗ್ಲೇ ನನಗೆ ಒಂದು ಥರಾ ಅನ್ನಿಸಿತ್ತು. ಅಷ್ಟು ಚೆಂದ ಮಾಡಿದ್ರಿ ಅಂತ ಬಾಯಿ ಮುಚ್ಕೊಂಡೆ."

ಬಡಗಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದರೆ ತಾನೊಬ್ಬನೇ ಸಿಕ್ಕಿದ.

ಆ ದಿನ ತಮ್ಮನ ಕಾಲು ಹಿಡಿಯುವುದೊಂದು ಬಾಕಿ. "ಮಳೆಗಾಲದವರೆಗೂ ಅಂದಿದ್ದೆ ತಾನೇ, ಇನ್ನೂ ಬಿಸಿಲು ಸುಡ್ತಿದೆ" ಎಂದು ವಾದಿಸಿ, ಮೇಸ್ತ್ರಿಯ ಮಾತನ್ನು ಮುಂದೂಡಿಸಿದ. ಆಮೇಲೆ ಹೊಸ ಪೆಟ್ಟಿಗೆಗೆ ಕೈ ಹಾಕಿದ. ಅವನ ಬಾಳಿನಲ್ಲಿ ಅಷ್ಟು ಕಷ್ಟದ ಕೆಲಸ ಬಂದಿರಲಿಲ್ಲ. ಒಂದು ಪಟ್ಟಿ ಹೊಡೆದು, ಸಂದು ಬಿಟ್ಟು ಮುಂದಿನದನ್ನು ಇಟ್ಟರೆ, ಕೈ ತಾನಾಗಿ ಅದನ್ನು ಸರಿಸಿ ಕೂಡಿಸಿಬಿಡುತ್ತಿತ್ತು. ಕೊನೆಗೆ ನಡುವೆ ಪೆನ್ಸಿಲ್ ಅಡ್ಡ ಇಟ್ಟುಕೊಂಡು, ಹಲ್ಲು ಕಚ್ಚಿಕೊಂಡು ಮೊಳೆ ಹೊಡೆದ. ವಾರ್ನಿಶ್ ಇಲ್ಲ, ಮುಚ್ಚಳ ಇಲ್ಲ, ತಳವೂ ಇಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಬೇಕರಿಯವನು ನಿಂತು ನೋಡಿದ.

"ಏನ್ ಬಿಗಿಯಣ್ಣ, ಕಣ್ಣು ತೋರಿಸ್ಕೊಂಡ್ಯಾ ಎಲ್ಲಾದ್ರೂ?"

"ನೀನು ಬನ್ನು ಸುಡು ಹೋಗು. ಇನ್ಮೇಲೆ ಸುರುಳಿಗೆ ಬರಬೇಡ, ಮನೆಗೆ ಬೇಕಾಗಿದೆ."

ಕಪ್ಪು ಲೋಳೆಯನ್ನು ಹೊಸ ಪೆಟ್ಟಿಗೆಗೆ ಮಗುಚಿ, ತನ್ನ ಕೈಯಾರೆ ಮರದ ಸುರುಳಿಯನ್ನು ತಂದು ಕಲಸಿದ. ಪ್ಲೈವುಡ್ ಕೊಯ್ದ ಪುಡಿಯನ್ನೂ ಬಣ್ಣ ಬಳಿದ ಮರದ ಪುಡಿಯನ್ನೂ ಹತ್ತಿರ ಬಿಡಲಿಲ್ಲ. ಅದರಲ್ಲಿ ಅಂಟಿದೆ, ರಾಸಾಯನಿಕವಿದೆ, ಹೆಂಡತಿಯ ಟೊಮೆಟೊ ಅದನ್ನು ತಿನ್ನಬಾರದು. ವಾರ ಕಳೆಯುವಷ್ಟರಲ್ಲಿ ನಾತ ಇಳಿಯಿತು. ಹೋಯಿತೋ ತಾನೇ ಮೂಗು ಕಳೆದುಕೊಂಡೆನೋ ಎಂದು ತಿಳಿಯದೆ ಅವನು ತಮ್ಮನನ್ನು ಕರೆದು ಮೂಸಿಸಿದ.

ಆದರೆ ಬಡಗಿಗೆ ಒಂದು ವಿಷಯ ತಲೆಗೆ ಹೋದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಸುರುಳಿ ಒಳ್ಳೆಯದು ಎಂದಮೇಲೆ ಮೂಟೆಗಟ್ಟಲೆ ಹೊಯ್ದ, ಗರಗಸದ ಪುಡಿಯನ್ನೂ ಹೊಯ್ದ. ರಾಶಿ ಒಣಗಿ, ತಣ್ಣಗೆ, ಗೋಡೆಗೊರಗಿದ ಸೋಮಾರಿಯಂತೆ ಕೂತುಬಿಟ್ಟಿತು. ದಿನ ಹೋದವು, ಸುರುಳಿ ಸುರುಳಿಯಾಗಿಯೇ ಇತ್ತು.

"ಪೂರ್ತಿ ನಿಮ್ಮ ಅಂಗಡಿದೇ ಆಗೋಯ್ತು," ಎಂದಳು ಹೆಂಡತಿ ಒಳಗೆ ಕೈ ಹಾಕಿ. "ನಮ್ಮ ಅಂಗಡಿದೂ ಸ್ವಲ್ಪ ನಡೀಲಿ. ಬರೀ ಒಣ ರೊಟ್ಟಿ ಹಾಕಿ ನೀರೂ ಕೊಡದೆ ಕೂರಿಸಿದ್ರೆ ಯಾರು ಕೆಲಸ ಮಾಡ್ತಾರೆ?"

ಅವಳು ಹಸಿ ಸೊಪ್ಪನ್ನು ಬುಟ್ಟಿಗಟ್ಟಲೆ ಸೇರಿಸಿದಳು, ನೀರು ಚಿಮುಕಿಸಿದಳು. ಹಿಂಡಿದ ಬಟ್ಟೆಯಷ್ಟು ತೇವ ಇರಲಿ, ತೊಟ್ಟಿಕ್ಕುವುದು ಬೇಡ ಎಂದಳು. ಗಂಡ ಗುದ್ದಲಿಯಿಂದ ತಳದ್ದನ್ನು ಮೇಲಕ್ಕೆ, ಮೇಲಿನದನ್ನು ತಳಕ್ಕೆ ತಿರುವಿದ. ಅವನದಿಷ್ಟು, ಅವಳದಿಷ್ಟು. ಸಂಸಾರ ಶುರುವಾದಾಗಲೂ ಅವರಿಬ್ಬರು ಇಷ್ಟು ಲೆಕ್ಕಾಚಾರ ಮಾಡಿರಲಿಲ್ಲ.

ಮೂರು ನಾಲ್ಕು ಬೆಳಗಿನ ಮೇಲೆ ಹಿತ್ತಲ ಬಾಗಿಲು ತೆಗೆದವನೇ ಬಡಗಿ ಕಿಟಾರನೆ ಕಿರುಚಿದ. ರಾಶಿಯಿಂದ ಹೊಗೆ ಏಳುತ್ತಿತ್ತು. ಮರದ ಪುಡಿಗೆ ಬೆಂಕಿ ಬೀಳುವುದು ಬಡಗಿಗಳ ಕೆಟ್ಟ ಕನಸು. ಅವನು ಬಕೆಟ್ ನೀರು ಹಿಡಿದು ಓಡಿದ. ಹೆಂಡತಿ ಅಡ್ಡ ನಿಂತಳು. ತಮ್ಮ ಅರ್ಧ ಹಲ್ಲುಜ್ಜಿದ ಬಾಯಲ್ಲೇ ಇಳಿದು ಬಂದ.

"ಹೊಗೆ ಅಲ್ಲಾರೀ, ಹಬೆ! ವಾಸನೆ ನೋಡಿ, ಸುಟ್ಟ ವಾಸನೆ ಇದೆಯಾ?"

ತಮ್ಮ ರಾಶಿಯೊಳಗೆ ಕೈ ತೂರಿಸಿ ಸರಕ್ಕನೆ ಹಿಂದೆಗೆದ. "ಅಯ್ಯಪ್ಪಾ! ದೂರ ಓಡಿ ಬಂದ ಎಂಜಿನ್ ಮುಟ್ಟಿದಂಗಿದೆ." ಆಮೇಲೆ ಕುಳಿತು, ಪಟ್ಟಿಗಳ ಸಂದಿನಿಂದ ಒಳಗೆ ಇಣುಕಿದ. "ಅಣ್ಣ, ಇದು ಎಂಜಿನ್ನೇ ಕಣೋ. ಗಾಳಿ ಬೇಕು, ಎಣ್ಣೆ ಬೇಕು. ಎಣ್ಣೆ ಜಾಸ್ತಿಯಾದ್ರೆ ಉಸಿರು ಕಟ್ಟಿ ನಿಲ್ಲುತ್ತೆ, ಗಾಳಿ ಜಾಸ್ತಿಯಾದ್ರೆ ಕೆಮ್ಮುತ್ತೆ."

"ಹಾಗಾದ್ರೆ ಸಿಮೆಂಟ್?" ಎಂದಳು ಅತ್ತಿಗೆ ತಕ್ಷಣ.

"ಸಿಮೆಂಟ್ ಸಿಮೆಂಟೇ ಅತ್ತಿಗೆ," ಎಂದು ಅವನು ಕೈ ಕೊಡವಿಕೊಂಡು ಎದ್ದ.

ರಾಶಿ ಕಾದು, ಕುಗ್ಗಿ, ತಣ್ಣಗಾಯಿತು. ತಿರುವಿದಾಗ ಮತ್ತೆ ಕಾಯಿತು, ಮತ್ತೆ ಕುಗ್ಗಿತು. ಬೇಸಿಗೆ ಕಳೆಯುವಷ್ಟರಲ್ಲಿ ಅದು ಮೊಣಕಾಲೆತ್ತರಕ್ಕೆ ಇಳಿದು, ಕಂದು ಬಣ್ಣದ ಪುಡಿಯಾಗಿತ್ತು. ಯಾರೂ ಕರೆಯದ ಎರೆಹುಳಗಳು ತಳದಿಂದ ಹತ್ತಿ ಬಂದು ಮನೆ ಮಾಡಿದ್ದವು. ಬಡಗಿ ಮೊದಲ ಸಲ ಐದೂ ಬೆರಳು ಹಾಕಿ ಒಂದು ಹಿಡಿ ತೆಗೆದ. ಅದರಲ್ಲಿ ತನ್ನ ಮರ ಯಾವುದು, ಅವಳ ಎಲೆಕೋಸು ಯಾವುದು ಎಂದು ಹುಡುಕಿದ. ತಿಳಿಯಲಿಲ್ಲ. ಮೂಗಿನ ಹತ್ತಿರ ಹಿಡಿದ. ಕಾಡಿನೊಳಗೆ ಹಳೆಯ ಮರದ ಬುಡದಲ್ಲಿ ನಿಂತಂತಾಯಿತು. ತಾನು ಇಷ್ಟು ವರ್ಷ ಮರವನ್ನು ಯಾವುದರಿಂದ ಕಾಪಾಡುತ್ತಿದ್ದೆನೋ ಅದೇ ಮರದ ತಾಯಿ ಎಂದು ಅವನಿಗೆ ಅನ್ನಿಸಿತು. ಹೆಂಡತಿಗೆ ಹೇಳಿದರೆ ನಗುತ್ತಾಳೆಂದು ಹೇಳಲಿಲ್ಲ.

ಹಿತ್ತಲಿನ ಅಡುಗೆಮನೆ ಕಡೆಯ ಅರ್ಧವನ್ನು ಗಂಡಹೆಂಡಿರು ಹಾರೆ ಹಾಕಿ ಸಡಿಲಿಸಿದರು. ಇಟ್ಟಿಗೆ ಚೂರುಗಳನ್ನು ಹೆಕ್ಕಿದರು, ಗೊಬ್ಬರ ಬೆರೆಸಿದರು, ಮೇಲೆ ಒಣ ಎಲೆ ಹೊದಿಸಿದರು. ಅವಳು ಟೊಮೆಟೊ ಸಸಿ ನೆಟ್ಟಳು, ಸೊಪ್ಪಿನ ಬೀಜ ಚೆಲ್ಲಿದಳು. ಈ ಸಲ ಎದ್ದವು ನೂಲಿನಂತಿರಲಿಲ್ಲ. ಕತ್ತು ಗಟ್ಟಿಯಾಗಿ, ಕಡು ಹಸಿರಾಗಿ ಎದ್ದವು.

ಅಷ್ಟರಲ್ಲಿ ಮಳೆ ಬಂತು, ಬಂದಿದ್ದೂ ಒಂದೇ ಏಟಿಗೆ. ಬೆಳಿಗ್ಗೆ ತಮ್ಮನ ವ್ಯಾನು ಅವನ ಪಾಲಿಗೆ ಉಳಿದಿದ್ದ ಅರ್ಧದಲ್ಲಿ ಗಾಲಿ ಮುಳುಗುವಷ್ಟು ಹೂತಿತ್ತು. ಮೂವರೂ ಸೇರಿ ತಳ್ಳಿ ಬೀದಿಗೆ ತರುವಷ್ಟರಲ್ಲಿ ಬಾಡಿಗೆ ಬೇರೆಯವನ ಪಾಲಾಗಿತ್ತು. ತಮ್ಮ ಕೆಂಡವಾಗಿ ಫೋನ್ ಮಾಡಿದ. ಗಾರೆ ಮೇಸ್ತ್ರಿ ಹಾರೆ ಹೆಗಲಿಗಿಟ್ಟುಕೊಂಡು ಬಂದೇಬಿಟ್ಟ.

"ಎಲ್ಲಿಂದ ಎಲ್ಲಿಗೆ?" ಎಂದು ಕೇಳಿದ.

"ಗೋಡೆಯಿಂದ ಗೋಡೆಗೆ," ಎಂದ ತಮ್ಮ.

"ಅಲ್ಲಿ ಹಸಿರು ನಿಂತಿದೆಯಲ್ಲಪ್ಪ!" ಎಂದಳು ಹೆಂಡತಿ.

"ನಿಂತಿದೆ ಅತ್ತಿಗೆ, ಇಲ್ಲ ಅನ್ನಲ್ಲ. ಆದ್ರೆ ನನ್ನ ಗಾಡಿ ಎಲ್ಲಿ ನಿಲ್ಲಬೇಕು? ಇಲ್ಲಿ ತಿರುಗಿಸೋಕೆ ಪೂರ್ತಿ ಜಾಗ ಬೇಕು. ಅದೂ ಹೊಟ್ಟೆಪಾಡೇ ಅಲ್ವಾ?"

ಅನ್ಯಾಯದ ಮಾತಾಗಿದ್ದರೆ ಅವಳು ಕಾಲು ಕೆರೆದು ಜಗಳಕ್ಕಾದರೂ ನಿಲ್ಲಬಹುದಿತ್ತು.

ಮೇಸ್ತ್ರಿ ತಮ್ಮನ ಅರ್ಧದ ಕೆಸರು ನೀರಿನಲ್ಲಿ ಹಾರೆ ಕುಟ್ಟಿದ. ಮೇಲಿನ ಕೆಸರು ದಾಟಿದ ಕೂಡಲೇ ಅದು ಟಣ್ ಎಂದು ಸಿಡಿಯಿತು. ಅತ್ತಿಗೆಯ ಅರ್ಧಕ್ಕೆ ಬಂದು ಕುಟ್ಟಿದ. ಹಾರೆ ಸದ್ದಿಲ್ಲದೆ ಮೊಳದುದ್ದ ಇಳಿಯಿತು. ಅವನು ಆಯತಪ್ಪಿ ಮುಗ್ಗರಿಸಿ, ಬೀಳದೆ ನಿಂತ.

"ಏನ್ರೀ ಇದು, ಹಾಸಿಗೆ ಮಾಡಿಟ್ಟಿದೀರಿ! ಇಷ್ಟು ಮಳೆ ಬಿದ್ದಿದೆ, ಒಂದು ತೊಟ್ಟು ನಿಂತಿಲ್ಲ. ಎಲ್ಲಾ ಕುಡಿದುಬಿಟ್ಟಿದೆ. ಇದರ ಮೇಲೆ ಸಿಮೆಂಟ್ ನಿಲ್ಲಲ್ಲ. ಇದನ್ನ ಪೂರ್ತಿ ಬಗೆದು ಹೊರಗೆ ಹಾಕಬೇಕಾಗುತ್ತೆ."

ತಮ್ಮ ತನ್ನ ಕಾಲು ನೋಡಿಕೊಂಡ. ಒಂದು ಚಪ್ಪಲಿ ಕೆಸರಿನಲ್ಲಿ ಮುಳುಗಿತ್ತು. ಅತ್ತಿಗೆಯ ಕಡೆ ಊರಿದ್ದ ಇನ್ನೊಂದು ಒಣಗಿತ್ತು.

ಬಡಗಿ ವ್ಯಾನನ್ನೂ ನೆಲವನ್ನೂ ಹೊಸ ಬಾಗಿಲಿನ ಅಳತೆ ತೆಗೆಯುವವನಂತೆ ನೋಡುತ್ತಿದ್ದ. "ಲೋ," ಎಂದ, "ನಿನ್ನ ಗಾಡಿ ಗಾಲಿ ಮೇಲೆ ತಾನೇ ಓಡೋದು?"

"ಮತ್ತೆ?"

"ಹೊಟ್ಟೆ ಮೇಲೆ ತೆವಳಿಕೊಂಡು ಹೋಗಲ್ವಲ್ಲ? ಹಾಗಿದ್ರೆ ಗಾಲಿ ಅಗಲಕ್ಕೆ ಎರಡು ಪಟ್ಟಿ ಹಾಕ್ಸು. ಇದ್ದ ಹಾಗೇ ಒಳಗೆ ಬರ್ಲಿ, ಇದ್ದ ಹಾಗೇ ಹಿಂದಕ್ಕೆ ಹೋಗ್ಲಿ, ತಿರುಗಿಸೋದು ಬೀದೀಲಿ. ನಡುವೆ ಬಿಟ್ಟುಬಿಡು."

ಬಿಗಿಯಣ್ಣನ ಬಾಯಲ್ಲಿ ಬಿಡು ಎನ್ನುವ ಮಾತು ಕೇಳಿ ಹೆಂಡತಿ ಅವನ ಮುಖವನ್ನೇ ನೋಡಿದಳು. ಮೇಸ್ತ್ರಿ ತಲೆ ಕೆರೆದುಕೊಂಡು, "ಆಗುತ್ತೆ. ಕೆಲಸಾನೂ ಅರ್ಧಕ್ಕರ್ಧ ಕಮ್ಮಿ. ಆದ್ರೆ ನಡುವೆ ನೀರು ನಿಂತ್ರೆ ಪಟ್ಟಿ ಬುಡ ಕೊರೆಯುತ್ತೆ," ಎಂದ.

ಹಿಂದಕ್ಕೆ ಓಡಿಸುವುದೆಂದರೆ ದಿನಾ ಕತ್ತು ತಿರುಗಿಸಬೇಕು. ತಮ್ಮ ಒಮ್ಮೆ ವ್ಯಾನು ನೋಡಿದ, ಒಮ್ಮೆ ಸಸಿ ನೋಡಿದ, ಆಮೇಲೆ ಅತ್ತಿಗೆಯ ಮುಖ ನೋಡಿ ಸೋತ.

"ಆಯ್ತು ಹಾಕು, ಎರಡು ಪಟ್ಟಿ. ನಡುವೆ ಇವರ ಆ ಎಂಜಿನ್ ಗೊಬ್ಬರ ಹಾಕಿಸ್ತೀನಿ, ನೀರು ಕುಡ್ಕೊಳ್ಳುತ್ತೆ. ಏನು ಅತ್ತಿಗೆ, ಕೊಡ್ತೀರಾ ನಾಲ್ಕು ಬುಟ್ಟಿ?"

"ಕೇಳೋ ಥರ ಕೇಳಿದ್ರೆ ಕೊಡೋಣ," ಎಂದಳು ಅವಳು. ಮೂಗು ಒರೆಸಿಕೊಂಡಿದ್ದು ಯಾರಿಗೂ ಕಾಣದಿರಲಿ ಎಂದು ಬಗ್ಗಿ ಒಂದು ಇಟ್ಟಿಗೆ ಚೂರು ಹೆಕ್ಕಿದಳು.

ಮಳೆ ಬಿಡುವು ಕೊಟ್ಟಾಗ ಪಟ್ಟಿಗಳು ಬಿದ್ದವು. ಸಿಮೆಂಟ್ ಸುರಿಯುವಾಗ ಅಂಚಿಗೆ ಅಚ್ಚಿನ ಹಲಗೆ ಹಿಡಿದವನು ಬಡಗಿಯೇ. ನಡುವಿನ ಜಾಗವನ್ನು ತಮ್ಮನೇ ಹಾರೆ ಹಾಕಿ ಸಡಿಲಿಸಿದ. ಬೈದುಕೊಂಡೇ ಸಡಿಲಿಸಿದ. ಅತ್ತಿಗೆ ಅಲ್ಲಿ ಕುಳ್ಳ ಜಾತಿಯ ಸೊಪ್ಪು ಬಿತ್ತಿದಳು, ಗಾಡಿಯ ಹೊಟ್ಟೆಗೆ ತಾಗದಂಥದ್ದು.

ಸೊಪ್ಪು ಎರಡೆಲೆ ಬಿಟ್ಟ ಮೇಲೆ ಒಂದು ಸಂಜೆ, ಬಡಗಿ ಅಡುಗೆಮನೆಯ ಕಿಟಕಿಯಲ್ಲಿ ಟೀ ಕುಡಿಯುತ್ತಾ ನಿಂತಿದ್ದ. ತಮ್ಮ ಗಾಡಿಯನ್ನು ಹಿಂದೆ ಹಿಂದೆ ಒಳಗೆ ತಂದ, ಒಂದು ಸಲವೂ ಪಟ್ಟಿ ತಪ್ಪಲಿಲ್ಲ. ಇಳಿದು ಅತ್ತಿತ್ತ ನೋಡಿದ. ಯಾರೂ ಕಾಣುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, ಸೀಟಿನ ಹಿಂದಿನಿಂದ ಹಳೆಯ ತಗಡಿನ ತಟ್ಟೆಯೊಂದನ್ನು ತೆಗೆದ. ಹೊಟ್ಟೆಯ ಮೇಲೆ ಮಲಗಿ, ಎಂಜಿನ್ನಿನಿಂದ ಎಣ್ಣೆ ತೊಟ್ಟಿಕ್ಕುವ ಜಾಗಕ್ಕೆ ಸರಿಯಾಗಿ, ಸೊಪ್ಪಿನ ಒಂದು ಎಲೆಯೂ ಮಡಚದಂತೆ ಅದನ್ನು ತೂರಿಸಿದ.

"ಯಾಕೆ ನಗ್ತಿದೀರಿ?" ಎಂದು ಒಲೆಯ ಹತ್ತಿರದಿಂದ ಹೆಂಡತಿ ಕೇಳಿದಳು.

"ಏನಿಲ್ಲ ಕಣೇ," ಎಂದ ಬಡಗಿ. "ಅವನಿಗೂ ಒಂದು ಲೋಟ ಟೀ ಹಾಕು."